ಎತ್ತಿದ ಕೈ

ಛಾವಣಿಗೆ ಬಣ್ಣ ಹೊಡೆಯುವುದರಲ್ಲಿ ಎಡಚ ಪೇಂಟರ್ ಎತ್ತಿದ ಕೈ. ಏಣಿ ಹತ್ತಿದನೆಂದರೆ ಮಧ್ಯಾಹ್ನದೊಳಗೆ ಇಡೀ ಹಾಲ್‌ನ ಛಾವಣಿ ಮುಗಿದಿರುತ್ತಿತ್ತು. ಲಸಿಕೆಯ ದಿನ ನರ್ಸಮ್ಮ, "ಎಡತೋಳು ಕೊಡಿ ಅಣ್ಣಾ, ಬಲಗೈ ಕೆಲಸಕ್ಕೆ ಬೇಕಾಗುತ್ತೆ" ಎಂದಾಗ, ತಾನು ಎಡಚ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹಿಂದೆ ಸಾಲು ಉದ್ದವಿತ್ತು. ಅಂಗಿಯ ತೋಳು ಮೇಲೇರದಿದ್ದಾಗ ಆಕೆ ಕಾಲರ್ ಸರಿಸಿ ಭುಜದ ತುದಿಗೇ ಚುಚ್ಚಿದಳು.

ಆ ಸಂಜೆಯೇ ಕೀಲಿನೊಳಗೆ ಬೆಂಕಿ ಬಿತ್ತು. ಎರಡು ದಿನದಲ್ಲಿ ಹೋಗುತ್ತೆ ಎಂದರು ಎಲ್ಲರೂ. ಎಂಟು ತಿಂಗಳಾದರೂ ಹೋಗಲಿಲ್ಲ. ಸೂಜಿ ಮಾಂಸಖಂಡ ಬಿಟ್ಟು ಕೀಲಿಗೆ ಇಳಿದಿದೆ ಎಂದು ಮೂಳೆ ಡಾಕ್ಟರು ಬರೆದುಕೊಟ್ಟರು. ಆ ಚೀಟಿ ಹಿಡಿದು ಹೆಂಡತಿ ಲಸಿಕೆಯ ತೊಂದರೆಗೆ ಪರಿಹಾರ ಕೊಡುವ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದಳು. ಕೊನೆಗೆ ತಪಾಸಣೆಗೆ ಕರೆ ಬಂತು.

ಕಚೇರಿಯ ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. "ಕೈ ಎತ್ತಿ ನೋಡೋಣ. ಎಷ್ಟಾಗುತ್ತೋ ಅಷ್ಟು."

ಮೂವತ್ತು ವರ್ಷ "ಆಗುತ್ತಾ?" ಎಂದವರಿಗೆಲ್ಲ "ಆಗುತ್ತೆ ಸಾರ್" ಎಂದೇ ಹೊಟ್ಟೆ ಹೊರೆದವನು ಅವನು. ಹಲ್ಲು ಕಚ್ಚಿ ಎತ್ತಿದ. ಒಳಗೇನೋ ಹರಿದಂತಾಗಿ ಕಣ್ಣು ಕತ್ತಲಿಟ್ಟಿತು. ತೋಳು ಕಿವಿ ಮುಟ್ಟಿತು.

"ನೋವಿದೆಯಾ?"

"ಸ್ವಲ್ಪ, ಸಾರ್."

ಡಾಕ್ಟರು ಬರೆದುಕೊಂಡರು.

ಮೂರು ವಾರಕ್ಕೆ ಪತ್ರ ಬಂತು. ತೋಳಿನ ಚಲನೆ ಸಮರ್ಪಕವಾಗಿದೆ, ಅರ್ಜಿ ತಿರಸ್ಕರಿಸಲಾಗಿದೆ, ಇದೇ ಅಂತಿಮ. ಹೆಂಡತಿ ಎರಡು ಸಲ ಓದಿದಳು.

"ಮನೇಲಿ ಅಂಗಿ ತೊಡಿಸೋಳು ನಾನು. ಅಲ್ಲಿ ಯಾಕ್ರೀ ಎತ್ತಿದ್ರಿ?"

"ಎತ್ತಿ ಅಂದ್ರು ಕಣೇ."

"ಆಗಲ್ಲ ಅನ್ನೋಕೆ ನಿಮಗೇನಾಗಿತ್ತು?"

ಆಗಲ್ಲ ಎಂದರೆ ಆ ಡಾಕ್ಟರು ತನ್ನನ್ನು ದುಡ್ಡಿಗಾಗಿ ನಾಟಕವಾಡುವವನು ಎಂದುಕೊಂಡಾರು ಎಂದು ಹೆದರಿದ್ದನ್ನು ಹೇಗೆ ಹೇಳುವುದು? ಅವಳು ಪತ್ರ ಮಡಚಿ ಒಳಗೆ ಹೋದಳು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು.

ಮುಂದಿನ ವಾರ, ಅವನ ಕೈಕೆಳಗೇ ಕೆಲಸ ಕಲಿತ ಭಾಮೈದ, "ಬನ್ನಿ ಭಾವ, ಕೂತು ಮಾಡೋ ಕೆಲಸ ಇದೆ" ಎಂದು ಕರೆದೊಯ್ದ. ಗೋಡೆಯ ಬುಡದ ಪಟ್ಟಿಗೆ ಬಣ್ಣ. ನೆಲದ ಮೇಲೆ ಕೂತು, ಬಲಗೈಯಲ್ಲಿ ಬ್ರಷ್ ಹಿಡಿದು, ಇಂಚಿಂಚೇ ಸರಿಯುತ್ತ ಸಂಜೆಯವರೆಗೆ ಒಂದು ಕೋಣೆ ಮುಗಿಸಿದ.

ಅವನು ಬ್ರಷ್ ತೊಳೆದು ಒಳಗೆ ಬಂದಾಗ ಭಾಮೈದ ಮಂಡಿಯೂರಿದ್ದ. ಭಾವ ಎಳೆದಿದ್ದ ಸೊಟ್ಟ ಗೆರೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಸದ್ದಿಲ್ಲದೆ ಮತ್ತೆ ಎಳೆಯುತ್ತಿದ್ದ.

ಅವನು ಬಾಗಿಲಿಂದ ಹಿಂದೆ ಸರಿದ. ತೊಳೆದಿದ್ದ ಬ್ರಷ್ಷನ್ನು ಬಕೆಟ್ಟಿಗಿಳಿಸಿ ಮತ್ತೆ ತೊಳೆಯುತ್ತ ಕೂತ.