ಹನ್ನೊಂದು ಮನೆಗಾಗುವಷ್ಟು ಸಲಾಡ್

ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೇ ಮನೆಗೆ ಬಂದ ಗಂಡ ಬೂಟು ಸಹ ಬಿಚ್ಚದೆ ನೇರ ಹೋಗಿ ಫ್ರಿಜ್ ಬಾಗಿಲು ತೆಗೆದಾಗ ಗುಂಡಿಯಕ್ಕನಿಗೆ ಮೊದಲು ಬಂದದ್ದು ಸಿಟ್ಟು. ನೆಲವನ್ನು ಆಗತಾನೇ ಒರೆಸಿದ್ದಳು.

"ಏನ್ರೀ, ಬೂಟು!"

"ಹೂಂ" ಎಂದನೇ ಹೊರತು ಬಿಚ್ಚಲಿಲ್ಲ.

ಅವನನ್ನು ಓಣಿಯವರೆಲ್ಲ ಹಡಗಣ್ಣ ಎನ್ನುತ್ತಿದ್ದರು. ಒಂಬತ್ತು ವರ್ಷ ಸರಕು ಹಡಗಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದವನು. ಈಗ ಊರ ಮೇಲುಗಡೆಯ ಜಲಾಶಯದಲ್ಲಿ ಗೇಟು ಏರಿಸಿ ಇಳಿಸುವ ಕೆಲಸ. ಹೆಂಡತಿ ಬಟ್ಟೆ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿದು ಕೊಡುತ್ತಿದ್ದಳು, ಅದಕ್ಕೇ ಗುಂಡಿಯಕ್ಕ.

ರಜೆಯ ದಿನ ಅವನು ಗಾಡೊ-ಗಾಡೊ ಮಾಡುವುದಿತ್ತು. ಇಂಡೋನೇಷ್ಯಾದ ಬಂದರೊಂದರಲ್ಲಿ ಕಲಿತು ಬಂದ ಸಲಾಡ್. ಹುರುಳಿಕಾಯಿ, ಎಲೆಕೋಸು, ಮೊಳಕೆ ಕಾಳು ಇವನ್ನು ಬೇರೆ ಬೇರೆಯಾಗಿ ಕುದಿನೀರಿನಲ್ಲಿ ಮುಳುಗಿಸಿ ತೆಗೆದು, ಹಸಿ ಸೌತೆಕಾಯಿ, ಬೇಯಿಸಿದ ಮೊಟ್ಟೆ, ಕರಿದ ಟೋಫು ಜೊತೆಗಿಟ್ಟು, ಮೇಲೆ ಕಡಲೆಕಾಯಿ ಬೀಜದ ಗಟ್ಟಿ ಸಾಸು ಸುರಿಯುವುದು. ಇಬ್ಬರಿಗೆ ಒಂದೇ ಬೋಗುಣಿ. "ಇದು ಎತ್ತಿಡೋ ಪದಾರ್ಥ ಅಲ್ಲ ಕಣೇ, ಸಾಸು ಬಿದ್ದ ಅರ್ಧ ಗಂಟೇಲಿ ನೀರು ಬಿಟ್ಕೊಳ್ಳುತ್ತೆ" ಎಂದು ಅಳೆದು ಮಾಡುತ್ತಿದ್ದ.

ಇವತ್ತು ಅಳತೆ ಇರಲಿಲ್ಲ. ವಾರಕ್ಕೆಂದು ತಂದಿದ್ದ ಎರಡು ಎಲೆಕೋಸು, ಚೀಲದ ತುಂಬ ಹುರುಳಿಕಾಯಿ, ಹದಿನೆಂಟು ಮೊಟ್ಟೆ, ತಳದಲ್ಲಿ ಬಾಡಿ ಮಲಗಿದ್ದ ಪಾಲಕ್ ಕಟ್ಟು, ಎಲ್ಲ ಕಟ್ಟೆಯ ಮೇಲೆ ಬಂದು ಬಿದ್ದವು. ಕೊನೆಗೆ ಅವನು ಫ್ರಿಜ್ಜಿನ ಪ್ಲಗ್ಗು ಕಿತ್ತ. ವೈರನ್ನು ನೀಟಾಗಿ ಸುತ್ತಿ ಫ್ರಿಜ್ಜಿನ ತಲೆಯ ಮೇಲಿಟ್ಟ.

ಗುಂಡಿಯಕ್ಕನ ಸಿಟ್ಟು ಅಲ್ಲೇ ಇಳಿದುಹೋಯಿತು.

ಮದುವೆಯಾದ ಹೊಸದರಲ್ಲಿ ಅವನೊಂದು ಸಂಗತಿ ಹೇಳಿದ್ದ. ಹಡಗಿನ ಹಿರಿಯ ಅಡುಗೆಯವನಿಗೆ ದೊಡ್ಡ ಬಿರುಗಾಳಿಯ ಸುದ್ದಿಯನ್ನು ಕಪ್ತಾನ ಮೊದಲೇ ಕಿವಿಯಲ್ಲಿ ಹೇಳುತ್ತಿದ್ದನಂತೆ. ಯಾರ ಮುಂದೆಯೂ ಬಾಯಿ ಬಿಡುವ ಹಾಗಿಲ್ಲ. ಆದರೆ ಮರುದಿನ ಒಲೆ ಹೊತ್ತಿಸಲಾಗದು, ತರಕಾರಿ ಕೊಳೆಯುತ್ತದೆ. ಹಾಗಾಗಿ ಆತ ಉಗ್ರಾಣದಲ್ಲಿದ್ದ ಹಸಿ ತರಕಾರಿಯನ್ನೆಲ್ಲ ಸುರಿದು ಈ ಸಲಾಡ್ ಮಾಡಿಬಿಡುತ್ತಿದ್ದ. ಅಷ್ಟು ದೊಡ್ಡ ಪಾತ್ರೆ ಮೇಜಿಗೆ ಬಂತೆಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಗಬಗಬ ತಿಂದು, ತಮ್ಮ ತಮ್ಮ ಪೆಟ್ಟಿಗೆಗಳನ್ನು ಹಗ್ಗ ಹಾಕಿ ಬಿಗಿಯಲು ಹೋಗುತ್ತಿದ್ದರಂತೆ.

ಅವಳು ಕಿಟಕಿಯಾಚೆ ನೋಡಿದಳು. ಆಕಾಶ ಒಗೆದು ಹರವಿದ ಹಾಗಿತ್ತು. ಮಳೆ ನಿಂತು ನಾಲ್ಕು ದಿನವಾಗಿತ್ತು.

"ರೀ, ಏನಾಯ್ತು?"

"ಹುಷಾರಿಲ್ಲ ಅಂತ ರಜೆ ಹಾಕಿ ಬಂದೆ."

"ಹುಷಾರಿಲ್ಲದವರು ಹದಿನೆಂಟು ಮೊಟ್ಟೆ ಬೇಯಿಸ್ತಾರಾ?"

ಅವನು ಹುರಿದ ಬೀಜವನ್ನು ಕುಟ್ಟಾಣಿಗೆ ಸುರಿದುಕೊಂಡು ನೆಲದ ಮೇಲೆ ಕೂತ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಬೆಲ್ಲ ಹಾಕಿ ಕುಟ್ಟತೊಡಗಿದ. ತಲೆ ಎತ್ತಲಿಲ್ಲ.

"ಹೇಳೋ ಹಾಗಿಲ್ಲ ಕಣೇ. ಇಂಜಿನಿಯರು ಎಲ್ಲರ ಕೈಲೂ ಸಹಿ ಹಾಕಿಸ್ಕೊಂಡಿದಾರೆ. ಜನ ಗಾಬರಿಯಾಗಿ ಕಾಲ್ತುಳಿತ ಆಗುತ್ತಂತೆ. ಸಂಜೆ ದೊಡ್ಡವರು ಬಂದು ನೋಡ್ತಾರಂತೆ, ಆಮೇಲೆ ಅವರೇ ಹೇಳ್ತಾರಂತೆ. ಯಾರಾದ್ರೂ ಬಾಯಿ ಬಿಟ್ರೆ ಕೆಲಸನೂ ಹೋಯ್ತು, ಜೈಲೂ ಆಯ್ತು."

"ನೀವು ಹೇಳ್ಬೇಡಿ. ನಾನು ಕೇಳ್ತೀನಿ, ನೀವು ಕುಟ್ತಾ ಇರಿ, ಹೌದಾದ್ರೆ ನಿಲ್ಲಿಸಿ. ಗೇಟು ಕೆಟ್ಟಿದೆಯಾ?"

ಕುಟ್ಟಿದ.

"ಮೇಲಿಂದ ನೀರು ಜಾಸ್ತಿ ಬರ್ತಿದೆಯಾ?"

ಕುಟ್ಟಿದ.

"ಅಣೆಕಟ್ಟೆ?"

ಕಲ್ಲಿನ ಗುಂಡು ಅರ್ಧಕ್ಕೇ ನಿಂತಿತು.

ಗುಂಡಿಯಕ್ಕ ಅಲ್ಲೇ ಕುಕ್ಕರಿಸಿದಳು. ಅವರದು ನದಿಯ ಪಕ್ಕದ ತಗ್ಗಿನ ಓಣಿ. ಹನ್ನೊಂದು ಮನೆ.

"ಸಂಜೆವರೆಗೂ ತಡೆಯುತ್ತಾ?"

"ಊಟ ಎರಡು ಗಂಟೆಯೊಳಗೆ ಮುಗಿದ್ರೆ ಒಳ್ಳೇದು" ಎಂದ ಅವನು. "ದಿಬ್ಬದ ಮೇಲೆ ನಿಮ್ಮಕ್ಕನ ಮನೇಲಿ. ಮಾಳಿಗೆ ದೊಡ್ಡದಿದೆ. ಎಲ್ಲರನ್ನೂ ಕರೆದುಬಿಡು. ಊಟಕ್ಕೆ ಕರೀಬಾರದು ಅಂತ ಆ ಕಾಗದದಲ್ಲಿ ಬರೆದಿಲ್ಲ."

ಆಮೇಲೆ ಇಬ್ಬರೂ ಕೆಲಸಕ್ಕಿಳಿದರು. ಅವಳು ಹುರುಳಿಕಾಯಿ ಮುರಿದಳು, ಅವನು ಕುದಿಸಿ ತಣ್ಣೀರಿಗೆ ಹಾಕಿದ. ಅವಳು ಬಿಸಿ ಮೊಟ್ಟೆಗಳನ್ನು ಬೆರಳು ಸುಟ್ಟುಕೊಂಡೇ ಸುಲಿದಳು. ಹುಣಸೆ ರಸ ಕಲಸಿದ ಮೇಲೆ ಅವನು ಅಭ್ಯಾಸಬಲದಿಂದ ಸೌಟಿನ ತುದಿಯನ್ನು ಅವಳ ಬಾಯಿಗೆ ಹಿಡಿದ.

"ಹುಳಿ ಸಾಕಾ?"

ಅವಳ ನಾಲಿಗೆಗೆ ಹುಳಿಯೂ ಇಲ್ಲ, ಖಾರವೂ ಇಲ್ಲ. "ಸಾಕು" ಎಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಣಿಗಿಳಿದಳು.

ಮೇಷ್ಟರ ಹೆಂಡತಿ ಬಾಗಿಲಲ್ಲೇ ಸಿಕ್ಕಳು. "ಏನು ವಿಶೇಷ ಗುಂಡಿಯಕ್ಕ, ದಿಬ್ಬದ ಮೇಲೆ ಊಟ?"

"ನಮ್ಮ ಮದುವೆಯಾದ ದಿನ."

"ಹೋದ ತಿಂಗಳೇ ಆಯ್ತಲ್ಲ, ಸಿಹಿ ಕೊಟ್ಟಿದ್ರಿ?"

"ಅದು ನಿಶ್ಚಯವಾದ ದಿನ. ಬೇಗ ಬನ್ನಿ, ಮಗೂನೂ ಕರ್ಕೊಂಡು ಬನ್ನಿ."

"ಈಗ ತಾನೇ ಮಲಗಿದೆ."

"ಮಲಗಿದ್ರೆ ಹಾಗೇ ಎತ್ಕೊಂಡು ಬನ್ನಿ!"

ಧ್ವನಿ ಏರಿತೇನೋ, ಮೇಷ್ಟರ ಹೆಂಡತಿ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ಗುಂಡಿಯಕ್ಕ ನಕ್ಕಳು. ಅಷ್ಟು ಹೊತ್ತು ಮುಖದ ಮೇಲೆ ನಗು ಉಳಿಸಿಕೊಂಡು ನಿಲ್ಲುವುದು ಎಂಥ ಕಷ್ಟವೆಂದು ಅವಳಿಗೆ ಅವತ್ತೇ ಗೊತ್ತಾದದ್ದು. ಕ್ಷೌರಿಕ ಅರ್ಧ ಮುಖ ಬೋಳಿಸಿಕೊಂಡ ಗಿರಾಕಿಯನ್ನೂ ಜೊತೆಗೆ ಕರೆತರುವೆನೆಂದ. ಬ್ರೆಡ್ಡಿನವನು "ಹಡಗಣ್ಣ ಬಿಟ್ಟಿ ಊಟ ಹಾಕ್ತಾನೆ ಅಂದ್ರೆ ಪ್ರಳಯ ಆಗೋದೇ ಸೈ" ಎಂದು ಗಹಗಹಿಸಿ ಅಂಗಡಿ ಬಾಗಿಲೆಳೆದ. ಅವಳೂ ಅವನ ಜೊತೆ ನಗಬೇಕಾಯಿತು.

ಒಂದೂವರೆಗೆ ಒಂಬತ್ತು ಮನೆಗಳಿಗೆ ಬೀಗ ಬಿದ್ದಿತ್ತು. ತಟ್ಟೆ ಲೋಟ ಹಿಡಿದು, ಹರಟುತ್ತ ದಿಬ್ಬ ಹತ್ತುತ್ತಿದ್ದವರ ಬೆನ್ನುಗಳು ಕಾಣುತ್ತಿದ್ದವು. ತಮ್ಮ ಮನೆ ಬಿಟ್ಟರೆ ಉಳಿದದ್ದು ಇಸ್ತ್ರಿ ಅಜ್ಜಿಯ ಮನೆಯೊಂದೇ.

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಬಿಡಲೇ ಇಲ್ಲ. ಮುಂದೆ ಬಿಳಿ ಅಂಗಿಗಳ ರಾಶಿ.

"ನಾಲ್ಕು ಗಂಟೆಗೆ ಹೋಟೆಲಿನವರು ಬರ್ತಾರೆ ತಾಯಿ, ಮೂವತ್ತು ಅಂಗಿ ಇದೆ. ನೀವು ತಿಂದು ಬನ್ನಿ."

"ಒಂದು ತುತ್ತು ತಿಂದು ಬಂದುಬಿಡಿ ಅಜ್ಜಿ."

"ಹಸಿ ಎಲೆ ತಿನ್ನೋಕೆ ನಾನೇನು ಮೇಕೆನಾ? ಇರೋದು ನಾಲ್ಕು ಹಲ್ಲು. ನಿನ್ನ ಗಂಡನ ಸೌತೆಕಾಯಿಗೆ ಅದನ್ನೂ ಅರ್ಪಿಸ್ಬೇಕಾ?"

"ನಿಮಗೆ ಅಂತ ಮೊಟ್ಟೆ ತೆಗೆದಿಟ್ಟಿದೀನಿ."

"ಇಲ್ಲೇ ಕಳಿಸು, ತಿಂತೀನಿ. ಮೊಣಕಾಲು ಹಿಡ್ಕೊಂಡು ದಿಬ್ಬ ಹತ್ತಿ ಸತ್ತು ಹೋಗ್ಲಾ? ಹೋಗೇ, ಬೆಳಕಿಗೆ ಅಡ್ಡ ನಿಂತಿದೀಯ."

ಗುಂಡಿಯಕ್ಕ ಅಜ್ಜಿಯ ತೋಳು ಹಿಡಿದಳು. ಅಜ್ಜಿ ಕೊಡವಿಕೊಂಡಳು. ಅಷ್ಟು ಹೊತ್ತಿಗೆ ಹಡಗಣ್ಣ ದೊಡ್ಡ ಪಾತ್ರೆ ಹೊತ್ತು ಓಣಿಗೆ ಬಂದಿದ್ದ. ಸಾಸು ಬಿದ್ದ ಸೊಪ್ಪು ಆಗಲೇ ಬಾಡಲು ಶುರುವಾಗಿತ್ತು. ಅವನು ಪಾತ್ರೆಯನ್ನು ಅಜ್ಜಿಯ ಹೊಸ್ತಿಲ ಮೇಲೆ ಇಳಿಸಿದ.

"ಅಜ್ಜಿ, ಅಣೆಕಟ್ಟೆಯ ಬುಡ ಒಡೀತಾ ಇದೆ. ಬೆಳಗ್ಗೆ ತಿಳಿ ನೀರು ಜಿನುಗ್ತಿತ್ತು. ಹತ್ತು ಗಂಟೆಗೆ ಮಣ್ಣು ಬರೋಕೆ ಶುರುವಾಯ್ತು. ನಾನು ಕಣ್ಣಾರೆ ನೋಡಿದೀನಿ."

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಎತ್ತಿ ನಿಲ್ಲಿಸಿದಳು.

"ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿನಗೆ?" ಎಂದಳು. "ಸೊಪ್ಪು ಹೆಚ್ಕೊಂಡು ಕೂತಿದ್ದನಂತೆ!"

ಅಜ್ಜಿಯ ಮನೆಯ ಹಿಂಬಾಗಿಲು ತೆರೆದಿತ್ತು. ಅದರಾಚೆ ಎರಡನೇ ಓಣಿ. ಅಲ್ಲಿ ಒಬ್ಬ ಹೆಂಗಸು ಹಗ್ಗದ ಮೇಲೆ ಬೆಡ್‌ಶೀಟು ಹರವುತ್ತಿದ್ದಳು. ಅದರಾಚೆ ಮೂರನೇ ಓಣಿ, ಮರದ ಮಿಲ್ಲು, ಮಿಲ್ಲಿನವರ ಸಾಲು ಮನೆಗಳು. ಅಲ್ಲಿ ಯಾರನ್ನೂ ಊಟಕ್ಕೆ ಕರೆದಿರಲಿಲ್ಲ. ಫ್ರಿಜ್ಜಿನಲ್ಲಿ ಅಷ್ಟು ತರಕಾರಿ ಇರಲಿಲ್ಲ.

ಗುಂಡಿಯಕ್ಕ ಗಂಡನನ್ನು ನೋಡಿದಳು. ಅವನೂ ಆ ಬೆಡ್‌ಶೀಟನ್ನೇ ನೋಡುತ್ತಿದ್ದ. ಹನ್ನೊಂದರಿಂದ ಇಲ್ಲಿಯವರೆಗೆ ಎಷ್ಟು ಹೊತ್ತು ಕಳೆದಿದೆ ಎಂಬ ಲೆಕ್ಕ ಅವನ ಮುಖದ ಮೇಲೆ ಬಂದುಹೋಯಿತು.

"ಅಜ್ಜೀನ ಕರ್ಕೊಂಡು ನೀನು ಹತ್ತು" ಎಂದ.

ಅಜ್ಜಿಯ ಕೋಣೆಯೊಳಗಿಂದಲೇ ಹಾದು, ಹಿಂಬಾಗಿಲಿಂದ ಓಡಿದ. ಓಡುತ್ತಲೇ ಕೂಗಲು ಶುರುಮಾಡಿದ. ಕೂಗಿ ಅಭ್ಯಾಸವಿಲ್ಲದ ಗಂಟಲು, ಮೊದಲ ಮಾತು ಒಡೆದೇ ಬಂತು. ಎರಡನೆಯದು ನೆಟ್ಟಗಾಯಿತು. ಬೆಡ್‌ಶೀಟಿನ ಹೆಂಗಸು ಕ್ಲಿಪ್ಪು ಕಚ್ಚಿಕೊಂಡೇ ತಿರುಗಿ ನಿಂತಳು.

ಅಜ್ಜಿಯನ್ನು ಸೊಂಟಕ್ಕೆ ಕೈ ಕೊಟ್ಟು ಎತ್ತಿ ನಿಲ್ಲಿಸಿ ಗುಂಡಿಯಕ್ಕ ದಿಬ್ಬದ ದಾರಿ ಹಿಡಿದಳು. ಹೊಸ್ತಿಲ ಮೇಲೆ ಪಾತ್ರೆ ಹಾಗೇ ಉಳಿಯಿತು. ಅಜ್ಜಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಬೈಯುತ್ತಿದ್ದಳು, ಗುಂಡಿಯಕ್ಕ ಎಳೆಯುತ್ತಿದ್ದಳು. ಗಂಡನ ಧ್ವನಿ ಎರಡನೇ ಓಣಿಯ ಕೊನೆಯಲ್ಲಿ ಕೇಳಿಸಿತು, ಆಮೇಲೆ ಮೂರನೆಯದರಲ್ಲಿ. ಬಾಗಿಲುಗಳು ದಡದಡ ತೆರೆದವು.

ಆಮೇಲೆ ಅವನ ಧ್ವನಿ ಮಿಲ್ಲಿನ ಗರಗಸದ ಸದ್ದಿನಲ್ಲಿ ಸೇರಿಹೋಯಿತು. ಗರಗಸ ಇನ್ನೂ ನಿಂತಿರಲಿಲ್ಲ. ಗುಂಡಿಯಕ್ಕ ನಿಂತು ಹಿಂದಕ್ಕೆ ತಿರುಗಿದಳು.

"ನಿಲ್ಲಬೇಡ" ಎಂದಳು ಅಜ್ಜಿ ಏದುಸಿರು ಬಿಡುತ್ತ. "ಹಿಂದಕ್ಕೆ ನೋಡ್ಬೇಡ ಮಗಳೇ, ನಡಿ."