ಊದದೆ ಹಿಡಿದ ಉಸಿರು

ಛಾವಣಿಯ ಬಿಳಿ ಹಲಗೆಯಲ್ಲಿ ತೇವದ ಕಲೆ, ರೆಕ್ಕೆ ಮಡಚಿದ ಹಕ್ಕಿಯ ಹಾಗೆ, ಕೊಕ್ಕು ಮಾತ್ರ ಇಲ್ಲ, ಬಟ್ಟೆಗೆ ಮೇಣ ಬರೆಯುವ ಚಾಂತಿಂಗ್ ಕೈಗೆ ಕೊಟ್ಟರೆ ಮಲಗಿದಲ್ಲಿಂದಲೇ ಬರೆದುಬಿಡುತ್ತೇನೆ — ಕೈಗಳೆರಡೂ ತಲೆಯ ಮೇಲಿವೆ, ಅಲ್ಲಾಡಿಸಬಾರದು, ಎಡಗಂಕುಳು ಎಳೆಯುತ್ತದೆ, ಮೊಲೆ ತೆಗೆದ ಜಾಗ ಒಣಗಿ ಮೂರು ತಿಂಗಳು, ಈಗ ಇಸ್ತ್ರಿ ಹಾಕಿದ ಬಟ್ಟೆಯಷ್ಟು ಚಪ್ಪಟೆ, ಕಿರಣ ಕೊಡುವ ಯಂತ್ರಕ್ಕೆ ಗುರುತಾಗಲೆಂದು ಎದೆಯ ಮೇಲೆ ಮೂರು ಶಾಯಿ ಚುಕ್ಕಿ, ಒಂದು ತುಸು ಸೊಟ್ಟ, ನನ್ನ ಹತ್ತಿರ ಕಲಿಯುವವರು ಹೀಗೆ ಇಟ್ಟಿದ್ದರೆ ಬೈಸಿಕೊಳ್ಳುತ್ತಿದ್ದರು. ಕೋಣೆ ತಣ್ಣಗಿದೆ, ಕಾಲಿಗೆ ಹೊದಿಕೆ ಇದೆ, ಬೆಳಿಗ್ಗೆ ತಿಂದ ಸೋಯಾಕಾಳಿನ ತೆಂಪೆ ಹೊಟ್ಟೆಯಲ್ಲಿ ಬೆಚ್ಚಗೆ ಕೂತಿದೆ, ಸುಖವೇ. ಅಜ್ಜಿ, ಇವತ್ತಾದ್ರೂ ಊದ್ಬೇಡಿ, ಗೋಡೆಯಾಚೆಯಿಂದ ರೆತ್ನೊ, ಯಂತ್ರ ನಡೆಸುವ ಹುಡುಗಿ. ಊದಲ್ಲ ಮಗಳೇ. ಮೊನ್ನೇನೂ ಹಿಂಗೇ ಅಂದ್ರಿ. ಅಂದಿದ್ದೆ, ಅಭ್ಯಾಸದ ದಿನ, ಎದೆ ತುಂಬ ಉಸಿರೆಳೆದು ಹಿಡಿದರೆ ಹೃದಯ ಎದೆಗೂಡಿನಿಂದ ಹಿಂದಕ್ಕೆ ಸರಿಯುತ್ತದೆ, ಕಿರಣ ಅದನ್ನು ಮುಟ್ಟದೆ ಹಾದುಹೋಗುತ್ತದೆ, ಡಾಕ್ಟರು ಮುಷ್ಟಿ ಹಿಡಿದು, ಇದೇ ಹೃದಯ ಅಂತ ತೋರಿಸಿದ್ದರು, ಕಣ್ಣೆದುರಿನ ಪರದೆಯಲ್ಲಿ ಹಸಿರು ಚೌಕ, ಹಳದಿ ಗೆರೆ ನನ್ನ ಉಸಿರು, ಗೆರೆ ಚೌಕದೊಳಗೆ ಇಪ್ಪತ್ತು ಎಣಿಸುವತನಕ ನಿಲ್ಲಬೇಕು, ಏರಿತು, ಚೌಕ ಮುಟ್ಟಿತು — ಫೂ, ಊದಿಬಿಟ್ಟೆ. ಮೂರು ಸಲವೂ. ಅಜ್ಜಿ, ನಾನೇನು ಬಿಸಿ ಕಾಫಿ ಕೊಟ್ಟಿದೀನಾ ಅಂತ ನಕ್ಕಳು, ಅವಳಿಗೇನು ಗೊತ್ತು, ನಲವತ್ತೆಂಟು ವರ್ಷ, ಬಾಣಲೆಯ ಬಿಸಿ ಮೇಣದಲ್ಲಿ ಚಾಂತಿಂಗ್ ಅದ್ದು, ಎತ್ತು, ಅದರ ಕೊಕ್ಕು ಕಟ್ಟದ ಹಾಗೆ ಊದು, ಉಸಿರು ಬರಿದಾದ ಎದೆಯಲ್ಲೇ ಬಟ್ಟೆಗೆ ಗೆರೆ ಎಳೆ, ಉಸಿರಿದ್ದರೆ ಗೆರೆ ನಡುಗುತ್ತದೆ, ತುಟಿ ತಾನಾಗಿಯೇ ದುಂಡಗಾಗುತ್ತದೆ. ಆಮೇಲೆ ನಗದೆ ಹೇಳಿದಳು, ಇನ್ನೊಂದ್ಸಲ ನೋಡೋಣ, ಆಗ್ಲಿಲ್ಲ ಅಂದ್ರೆ ಸುಮ್ನೆ ಉಸಿರಾಡ್ತಾನೇ ಕೊಡ್ಬೇಕು ಅಜ್ಜಿ, ಹೃದಯಕ್ಕೂ ಸ್ವಲ್ಪ ತಾಗುತ್ತೆ.

ನಿನ್ನೆ, ಮೇಣದ ಒಲೆಯ ಆಚೆ ಬದಿ ಕೂತು ಬರೆಯುವ ಗೆಳತಿ ಗಿನಾಗೆ ಇದನ್ನೆಲ್ಲ ಹೇಳಿದರೆ, ಅರವತ್ತೇಳಾಯ್ತು, ಇನ್ನು ನಿನ್ನ ಹೃದಯ ಯಾರಿಗೆ ಬೇಕೇ, ಅಂದಳು. ನಂಗೆ ಬೇಕು ಕಣೆ. ಅವಳು ಬಟ್ಟೆಯಿಂದ ತಲೆ ಎತ್ತಲಿಲ್ಲ, ಹಕ್ಕಿಗೆ ದಪ್ಪ ಮೇಣ ಹಾಕುತ್ತಿದ್ದಳು, ಇಡೀ ಬಟ್ಟೆ ನೀಲಿಯಲ್ಲಿ ಮುಳುಗಿ ಎದ್ದರೂ ಮೇಣದಡಿಯ ಹಕ್ಕಿ ಬಿಳಿಯಾಗಿಯೇ ಉಳಿಯಬೇಕು, ಊದೋಕೆ ಮುಂಚೆ ಏನ್ಮಾಡ್ತೀಯೇ, ಹೇಳು ನೋಡೋಣ, ಅಂದಳು. ಏನು ಮಾಡುತ್ತೇನೆ, ಎತ್ತುತ್ತೇನೆ, ಕೊಕ್ಕಿನ ತುದಿಯಲ್ಲಿ ಹನಿ ಕಟ್ಟುತ್ತದೆ, ಬಿದ್ದರೆ ಬಟ್ಟೆ ಹಾಳು ಅಂತ ಉಸಿರು ಒಳಗೆಳೆದುಕೊಳ್ಳುತ್ತೇನೆ. ಹಂಗಾದ್ರೆ ಅಲ್ಲೇ ಇರು, ಮುಂದಕ್ಕೆ ಹೋಗ್ಬೇಡ.

ಅಜ್ಜಿ, ಶುರು, ಉಸಿರು ತಗೊಳ್ಳಿ — ಅದ್ದಿದೆ, ಎತ್ತಿದೆ, ಹಳದಿ ಗೆರೆ ಏರುತ್ತಿದೆ, ಹಸಿರಿನೊಳಗೆ, ಹಿಡೀರಿ, ಯಂತ್ರ ಗುಂಯ್ ಎನ್ನುತ್ತದೆ, ಒಳಗೆ ಆ ಮುಷ್ಟಿ ಹಿಂದಕ್ಕೆ ಸರಿದು ಕತ್ತಲಲ್ಲಿ ಬೆಳ್ಳಗೆ ಕೂತಿದೆ, ಎಂಟು, ಒಂಬತ್ತು, ತುಟಿ ದುಂಡಗಾಗಲು ನೋಡುತ್ತದೆ, ಬೇಡ, ಇರು, ಹದಿನಾಲ್ಕು, ಗೆರೆ ಅಲ್ಲೇ ಇದೆ, ಹದಿನೇಳು, ಕೊಕ್ಕಿನ ತುದಿಯಲ್ಲಿ ಹನಿ, ಕಂದು, ದುಂಡಗೆ, ಹೊಳೆಯುತ್ತ, ಬೀಳದೆ