ಕೆಳಗಿನ ಸಿಲಿಂಡರು

"ಬಿಡು ಅಂದೆನಲ್ಲಾ!"

ಹೆಂಡತಿ ಬಿಡಲಿಲ್ಲ. ಒಣಹುಲ್ಲಿನ ಮೇಲೆ ಮಂಡಿಯೂರಿ ಮಾದರಿ ವಿಮಾನದ ಬಾಲವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಮುಂದೆ ಐದು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಹೊಗೆಯುಗುಳುತ್ತ ಓಡುತ್ತಿತ್ತು. ಹೂವಿನ ಎಸಳುಗಳಂತೆ ಸುತ್ತಲೂ ಕೂರಿಸಿದ ಆ ಸಿಲಿಂಡರುಗಳನ್ನು ಗಂಡನೇ ಲೇತಿನಲ್ಲಿ ಕಡೆದಿದ್ದ. ರೆಕ್ಕೆ ಜೋಡಿಸಿದರೆ ವಿಮಾನ ಮಂಚಕ್ಕಿಂತ ಅಗಲ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನ ಹೊತ್ತೆಲ್ಲ ಅದಕ್ಕೇ ಹೋಗಿತ್ತು. "ನನಗೊಬ್ಬಳು ಸವತಿ, ಪೆಟ್ರೋಲ್ ಬಿಟ್ಟು ಬೇರೇನೂ ಕುಡಿಯಲ್ಲ" ಎಂದು ಅವಳು ನೆರೆಯವರೆದುರು ನಗೆಯಾಡುತ್ತಿದ್ದಳು.

ಇವತ್ತು ನಗೆಯಿರಲಿಲ್ಲ. ಸದ್ದು ಕುಂಟುತ್ತಿತ್ತು. ಮೈದಾನದಂಚಿನಲ್ಲಿ ಜನ ಮಕ್ಕಳೊಂದಿಗೆ ಕೂತಿದ್ದರು.

ಅವನು ಸಿಟ್ಟಿನಿಂದ ಎಂಜಿನ್ ನಿಲ್ಲಿಸಿದ. "ಏನಾಗಿದೆ ನಿನಗೆ?"

"ಒಂದು ಸಿಲಿಂಡರು ಹೊಡೀತಿಲ್ಲ."

"ನನಗೇ ಪಾಠವಾ? ಸದ್ದು ಕೇಳಿದ್ರೆ ಸಾಕು, ಎಲ್ಲಿ ಕಾಯಿಲೆ ಅಂತ ಹೇಳ್ತೀನಿ ನಾನು."

"ಹಾಗಾದ್ರೆ ಮುಟ್ಟಿ ನೋಡಿ."

ಬೆರಳಿಗೆ ಎಂಜಲು ಹಚ್ಚಿಕೊಂಡು ಮೇಲಿನದನ್ನು ಮುಟ್ಟಿದ, ಚುರ್ ಎಂದಿತು. ಪಕ್ಕದ್ದೂ ಹಾಗೇ. ತೀರ ಕೆಳಗಿನದಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ಮೆಲ್ಲಗೆ ಅದನ್ನು ಮುಷ್ಟಿಯಲ್ಲಿ ಹಿಡಿದ. ಬರೀ ಉಗುರುಬೆಚ್ಚಗಿತ್ತು; ಅದರೊಳಗೆ ಪೆಟ್ರೋಲ್ ಉರಿದೇ ಇರಲಿಲ್ಲ.

"ಯಾವತ್ತಿನಿಂದ ಗೊತ್ತು ನಿನಗೆ?" ಎಂದು ತಲೆಯೆತ್ತದೆ ಕೇಳಿದ.

ಅವನು ಕೇಳುತ್ತಿರುವುದು ತನ್ನದೇ ಕಿವಿ ಮಂದವಾದ ವಿಷಯ ಎಂದು ಅವಳಿಗೆ ತಿಳಿಯಿತು. ಎದ್ದು, ತುಟಿ ಕಾಣುವಂತೆ ಅವನೆದುರು ಬಂದು ಕೂತಳು.

"ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದ್ದಳಲ್ಲ, ಆವತ್ತಿನಿಂದ."

ಹುಟ್ಟಿದ ಮಗು ಉಳಿಯಲಿಲ್ಲವೆಂದು ಅವನಿಗೆ ಹೇಳಿದವಳು ಹೆಂಡತಿಯೇ. ಮಗಳು ತನ್ನೊಡನೆ ಮಾತು ಬಿಟ್ಟದ್ದು ದುಃಖಕ್ಕೆ ಎಂದುಕೊಂಡಿದ್ದ.

"ಅವಳು ಅದನ್ನ ಮೊದಲು ಹೇಳಿದ್ದು ನಿಮಗೇ. 'ಮಗು ಹೋಯ್ತು ಅಪ್ಪಾ' ಅಂದ್ಳಂತೆ. ನೀವು ನಗ್ತಾ, 'ಒಳ್ಳೇದಾಯ್ತು ಬಿಡಮ್ಮಾ' ಅಂದ್ರಿ."

"ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಕಿವಿ ವಿಷಯ ಎತ್ತಿದ್ರೆ ಊಟ ಬಿಟ್ಟು ಏಳ್ತಿದ್ರಿ. ಅವಳಿಗೆ ಹೇಳೋಕೆ ಹೋದ್ರೆ, ಅಪ್ಪನ ಪರ ವಹಿಸ್ಬೇಡ ಅಂತ ಫೋನ್ ಇಟ್ಟುಬಿಟ್ಟಳು."

ಅವನು ಟ್ಯಾಂಕಿನ ಪೆಟ್ರೋಲನ್ನು ಡಬ್ಬಿಗೆ ಇಳಿಸಿದ. ರೆಕ್ಕೆಗಳ ಬೋಲ್ಟು ಬಿಚ್ಚಿದ. ಒಂದು ಕೈಜಾರಿ ಹುಲ್ಲಿನಲ್ಲಿ ಬಿತ್ತು, ಹುಡುಕಲಿಲ್ಲ. ಕೈ ಒರೆಸಿಕೊಂಡು, "ಅವಳಿಗೆ ಫೋನ್ ಹಚ್ಚಿಕೊಡು" ಎಂದ.

ಆ ಕಡೆ ಮಗಳು "ಹೇಳಮ್ಮಾ" ಎಂದದ್ದೇ ಹೆಂಡತಿ ಫೋನನ್ನು ಅವನ ಕೈಗಿಟ್ಟಳು.

"ನಾನು ಕಣಮ್ಮಾ. ಇಡ್ಬೇಡ." ಅವನ ದನಿ ಮೈದಾನಕ್ಕೆಲ್ಲ ಕೇಳುವಷ್ಟು ಜೋರಾಗಿತ್ತು. "ನೀನು ಹೇಳೋದು ನನಗೆ ಕೇಳ್ಸಲ್ಲ. ಅವತ್ತೂ ಕೇಳ್ಸಿರಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ಸುಮ್ನೆ ಏನೋ ಒಂದು..."

ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಮಗಳು ಮಾತಾಡುತ್ತಿದ್ದಾಳೋ, ಅಳುತ್ತಿದ್ದಾಳೋ, ಆಗಲೇ ಇಟ್ಟುಬಿಟ್ಟಳೋ ತಿಳಿಯಲಿಲ್ಲ. ರೆಕ್ಕೆಗಳನ್ನು ಗಾಡಿಯಲ್ಲಿಟ್ಟು ಬಂದ ಹೆಂಡತಿ ಕೈಚಾಚಿದಳು. ಅವನು ಬೇಡವೆಂದು ತಲೆಯಾಡಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.